ನೀಲಗಿರಿ ಎಣ್ಣೆಯ ಘಾಟು

ನಾಲ್ಕು ದಿನದಿಂದ ನೆಗಡಿ. ಊಟಿಗೆ ಹೋಗಿದ್ದವರು ಯಾರೋ ತಂದುಕೊಟ್ಟ ನೀಲಗಿರಿ ಎಣ್ಣೆಯ ಸಣ್ಣ ಸೀಸೆ ಮನೆಯಲ್ಲಿತ್ತು. ಮುಚ್ಚಳ ಕಚ್ಚಿಕೊಂಡಿತ್ತು, ಬಟ್ಟೆ ಸುತ್ತಿ ತಿರುಗಿಸಿ ತೆಗೆದೆ. ಕುದಿಯುವ ನೀರಿಗೆ ನಾಲ್ಕು ಹನಿ ಬಿಟ್ಟು, ಕಂಬಳಿ ಹೊದ್ದು, ಪಾತ್ರೆಯ ಮೇಲೆ ಬಗ್ಗಿ ಕುಳಿತೆ. ಕಣ್ಣಲ್ಲಿ ನೀರು, ಮೂಗಿನೊಳಗೆ ತಂಪು, ತಲೆ ಹಗುರ. ಎರಡೇ ನಿಮಿಷಕ್ಕೆ ‘ಅಬ್ಬಾ, ಮೂಗು ಬಿಟ್ಟಿತು’ ಎಂದು ಕಂಬಳಿಯೊಳಗಿಂದಲೇ ಘೋಷಿಸಿದೆ.

‘ಎಲ್ಲಿ ಬಿಟ್ಟಿದೆ? ಈಗಲೂ ಮೂಗಿನಲ್ಲೇ ಮಾತಾಡುತ್ತಿದ್ದೀರಿ’ ಎಂದಳು ಹೆಂಡತಿ.

ಅವಳ ಮಾತೇ ಸರಿ. 1983ರಲ್ಲಿ ಬ್ರಿಟನ್ನಿನ ಸಂಶೋಧಕರು ಕರ್ಪೂರ, ನೀಲಗಿರಿ, ಮೆಂಥಾಲ್ ಆವಿಯನ್ನು ಜನರಿಗೆ ಮೂಸಲು ಕೊಟ್ಟು ಮೂಗಿನಲ್ಲಿ ಗಾಳಿಯ ಓಡಾಟವನ್ನು ಅಳೆದರು. ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂಸಿದವರಿಗೆ ಮಾತ್ರ ಉಸಿರು ಸಲೀಸಾಯಿತು ಎನಿಸಿತ್ತು. ನೀಲಗಿರಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಸಿನಿಯೋಲ್ ಎಂಬ ವಸ್ತು. ತಂಪನ್ನು ಗ್ರಹಿಸುವ ನರಗಳನ್ನು ಅದು ಕೆಣಕುತ್ತದೆ. ತಣ್ಣನೆಯ ಗಾಳಿ ಒಳಗೆ ಹೋಗುತ್ತಿದೆ ಎಂದು ಮಿದುಳು ನಂಬಿಬಿಡುತ್ತದೆ.

ನನ್ನ ಪ್ರಕಾರ ಹತ್ತೊಂಬತ್ತನೆಯ ಶತಮಾನದ ಒಂದು ದೊಡ್ಡ ಔಷಧ ವ್ಯಾಪಾರ ನಿಂತಿದ್ದೇ ಈ ನಂಬಿಕೆಯ ಮೇಲೆ.

ಶುರುವಾದದ್ದು ಮರ್ಯಾದಸ್ಥವಾಗಿಯೇ. ಜೋಸೆಫ್ ಬೊಸಿಸ್ಟೊ ಎಂಬ ಇಂಗ್ಲೆಂಡ್ ಮೂಲದ ಔಷಧ ವ್ಯಾಪಾರಿ ಆಸ್ಟ್ರೇಲಿಯಾದ ಮೆಲ್ಬರ್ನ್ ಪಕ್ಕದ ರಿಚ್ಮಂಡ್‌ನಲ್ಲಿ ಅಂಗಡಿ ಇಟ್ಟಿದ್ದರು. ಅಲ್ಲಿನ ವಿಕ್ಟೋರಿಯಾ ಪ್ರಾಂತ್ಯದ ಸರ್ಕಾರಿ ಸಸ್ಯವಿಜ್ಞಾನಿ ಫರ್ಡಿನಾಂಡ್ ಫಾನ್ ಮ್ಯುಲರ್ ಅವರ ಪ್ರೋತ್ಸಾಹದಿಂದ 1850ರ ದಶಕದಲ್ಲಿ ಡ್ಯಾಂಡೆನಾಂಗ್ ಹೊಳೆಯ ಬಳಿ ಭಟ್ಟಿ ಹೂಡಿ, ಎಲೆಯಿಂದ ಎಣ್ಣೆ ಇಳಿಸಿ ಮಾರತೊಡಗಿದರು. ಎಣ್ಣೆಗೆ ನಿಜವಾದ ಗುಣವೂ ಇತ್ತು. ಶಸ್ತ್ರಚಿಕಿತ್ಸೆಯಲ್ಲಿ ನಂಜುನಿವಾರಣೆಯ ದಾರಿ ತೋರಿದ ಜೋಸೆಫ್ ಲಿಸ್ಟರ್ ಅವರೇ ಗಾಯಕ್ಕೆ ನೀಲಗಿರಿ ಸವರಿದ ಬಟ್ಟೆ ಕಟ್ಟಿ ನೋಡಿದ್ದರು.

ಆಮೇಲೆ ಬೆಂಡಿಗೋ ಪಟ್ಟಣದ ಸ್ಯಾಂಡರ್ ಅಂಡ್ ಸನ್ಸ್ ಬಂದರು. ಚಿನ್ನದ ಗಣಿಯ ಊರದು. ಅವರು ಮಾರಿದ್ದರ ಹೆಸರು ‘ಯೂಕಲಿಪ್ಟೈ ಎಕ್ಸ್‌ಟ್ರಾಕ್ಟ್’, ಅಂದರೆ ನೀಲಗಿರಿ ಸತ್ವ. ಎಣ್ಣೆ ಎಂದರೆ ಯಾವ ಅಂಗಡಿಯಲ್ಲೂ ಸಿಗುವ ಪದಾರ್ಥ. ಸತ್ವ ಎಂದು ಕರೆದರೆ ಅದರ ಗತ್ತೇ ಬೇರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹಳೆಯ ಪತ್ರಿಕೆಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನೆಗಡಿಯ ನಿದ್ದೆಗೇಡು ರಾತ್ರಿಯಲ್ಲಿ ನಾನು ಓದುತ್ತ ಕುಳಿತದ್ದು ಅವನ್ನೇ. ಸ್ಯಾಂಡರ್ ಜಾಹೀರಾತು ಸುದ್ದಿಯ ವೇಷದಲ್ಲಿರುತ್ತದೆ. ಅದೇ ಅಕ್ಷರ, ಅದೇ ಅಂಕಣ. ನಾಲ್ಕು ಸಾಲು ಓದಿದ ಮೇಲೆ ಸೀಸೆಯ ಹೆಸರು ಮೆಲ್ಲಗೆ ತಲೆ ಹಾಕುತ್ತದೆ. ಕೆಮ್ಮು, ಇನ್‌ಫ್ಲುಯೆಂಜಾ, ಗಂಟಲಮಾರಿ, ಆಮಶಂಕೆ, ಸಂಧಿವಾತ, ಸುಟ್ಟ ಗಾಯ, ಮೂತ್ರಪಿಂಡದ ತೊಂದರೆ, ಎಲ್ಲಕ್ಕೂ ಅದೊಂದೇ ಸೀಸೆ. ಇಟಲಿಯ ಮಹಾರಾಜರ ಆಶ್ರಯವಿದೆಯಂತೆ, ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಪದಕ ಬಂದಿದೆಯಂತೆ. ಕೊನೆಗೆ ತಪ್ಪದೆ ಒಂದು ಎಚ್ಚರಿಕೆ: ನಕಲಿಗಳಿದ್ದಾವೆ, ಅಸಲಿಯನ್ನೇ ಕೇಳಿ ಪಡೆಯಿರಿ.

ಇವನ್ನೆಲ್ಲ ಪೇಟೆಂಟ್ ಔಷಧಿ ಎನ್ನುತ್ತಿದ್ದರು. ಇಂಥವುಗಳಲ್ಲಿ ಬಹುಪಾಲು ಔಷಧಿಗಳಿಗೆ ಪೇಟೆಂಟೇ ಇರಲಿಲ್ಲ ಎನ್ನುವುದು ತಮಾಷೆ. ಪೇಟೆಂಟ್ ಬೇಕಾದರೆ ಒಳಗೆ ಏನಿದೆ ಎಂದು ಬಿಚ್ಚಿ ಹೇಳಬೇಕು. ಗುಟ್ಟೇ ಬಂಡವಾಳವಾದವರು ಅದಕ್ಕೆ ಯಾಕೆ ಕೈಹಾಕುತ್ತಾರೆ? ಹೆಸರು, ಚೀಟಿ, ಸೀಸೆಯ ಆಕಾರ, ಇಷ್ಟನ್ನು ಕಾಪಾಡಿಕೊಂಡರೆ ಸಾಕಿತ್ತು.

ಆ ಕಾಲದವರು ಪೆದ್ದರು ಎಂದು ನಗಲು ನನಗೆ ಮನಸ್ಸಿಲ್ಲ. ರೋಗ ಹರಡುವುದು ಕೊಳೆತ ಜಾಗದ ದುರ್ಗಂಧದಿಂದ ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲ ಅದು. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ರೋಗವೇ ವಾಸನೆಯಾದರೆ ಮದ್ದು ಅದಕ್ಕಿಂತ ಜೋರಾದ ವಾಸನೆಯಾಗಿರಬೇಕು. ನೀಲಗಿರಿಗಿಂತ ಜೋರು ಇನ್ನೇನಿದೆ? ಸೀಸೆಯ ಮುಚ್ಚಳ ತೆಗೆದ ಕ್ಷಣವೇ ಮದ್ದು ಕೆಲಸ ಶುರುಮಾಡಿದಂತೆ ಅನಿಸುತ್ತದೆ. ಸಕ್ಕರೆ ಗುಳಿಗೆ ಮಾರುವವನಿಗೆ ಈ ಅನುಕೂಲವಿಲ್ಲ.

ಮರದ ಕಥೆಯೂ ಹೀಗೆಯೇ. ಜ್ವರ ಓಡಿಸುವ ಮರವೆಂದು ಅಲ್ಜೀರಿಯಾದಲ್ಲಿ ನೆಟ್ಟರು. ರೋಮ್ ಬಳಿಯ ತ್ರೆ ಫೊಂತಾನೆ ಮಠದ ಜೌಗು ನೆಲದಲ್ಲಿ ಟ್ರ್ಯಾಪಿಸ್ಟ್ ಸನ್ಯಾಸಿಗಳು ಸಾಲುಸಾಲಾಗಿ ಬೆಳೆಸಿದರು. ಕೆಲವು ಕಡೆ ಜ್ವರ ಇಳಿದರೆ ಎಲೆಯ ಪರಿಮಳಕ್ಕೆ ಜೈಕಾರ. ಮರ ನೆಲದ ನೀರು ಹೀರಿ ಸೊಳ್ಳೆ ಹುಟ್ಟುವ ಗುಂಡಿ ಒಣಗಿಸುತ್ತದೆ ಎಂಬುದು ಹೆಚ್ಚಿನವರ ತಲೆಗೆ ಹೋಗಲಿಲ್ಲ. ಸೊಳ್ಳೆಯ ಮೇಲೆ ಅನುಮಾನಪಟ್ಟವರು ಆಗ ತೀರಾ ಕಡಿಮೆ. 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್, ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದರು. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡರು. ಇತ್ತ ಕೋಲಾರದ ಕಡೆ ಎಲ್ಲರೂ ಬೈಯುವುದು ಈ ಮರದ ಬಾಯಾರಿಕೆಯನ್ನೇ. 2017ರಲ್ಲಿ ನಮ್ಮ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. (ಆಸ್ಟ್ರೇಲಿಯಾದ ಮರಕ್ಕೆ ನಮ್ಮ ಬೆಟ್ಟದ ಹೆಸರಿಟ್ಟುಕೊಂಡು ಆಮೇಲೆ ಬೈಯುವುದು ನಮಗೆ ಮಾತ್ರ ಸಾಧ್ಯ.)

ಮೂಸುವುದಕ್ಕೆ, ಮೈಕೈ ನೋವಿಗೆ ತಿಕ್ಕುವುದಕ್ಕೆ ನನ್ನ ತಕರಾರಿಲ್ಲ. ನಾನೂ ಬಿಡುವವನಲ್ಲ. ಆದರೆ ಆ ಕಾಲದಲ್ಲಿ ಹನಿ ಲೆಕ್ಕದಲ್ಲಿ ನುಂಗಿಸುತ್ತಲೂ ಇದ್ದರು. ಈ ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಚಿಕ್ಕ ಮಕ್ಕಳಿಗೆ ಒಂದು ಚಮಚದಷ್ಟು ಹೋದರೂ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಮನೆಯಲ್ಲಿ ಮಕ್ಕಳಿದ್ದರೆ ಸೀಸೆಯನ್ನು ದಯವಿಟ್ಟು ಮೇಲಿನ ಗೂಡಿನಲ್ಲಿಡಿ.

ಗುಟ್ಟಿನ ಔಷಧಿಗಳ ಆಟಕ್ಕೆ ಕಡಿವಾಣ ಬಂದದ್ದು ತಡವಾಗಿ. 1906ರಲ್ಲಿ ಅಮೆರಿಕ ಕಾನೂನು ತಂದಿತು. 1907ರಲ್ಲಿ ಆಸ್ಟ್ರೇಲಿಯಾದ ತನಿಖಾ ಆಯೋಗದ ವರದಿ ಬಂತು. ಅದನ್ನು ಬರೆದ ಆಕ್ಟೇವಿಯಸ್ ಬೀಲ್ ಪಿಯಾನೊ ತಯಾರಿಸುವ ಉದ್ಯಮಿ. ನಮ್ಮಲ್ಲಿ ಮಾಂತ್ರಿಕ ಔಷಧಿಗಳ ಜಾಹೀರಾತು ತಡೆಯುವ ಕಾಯ್ದೆ ಬಂದದ್ದು 1954ರಲ್ಲಿ. ಕಾಯ್ದೆ ಕಂಪನಿಗಳನ್ನು ಹಿಡಿಯಬಲ್ಲದು, ವಾಟ್ಸ್ಆ್ಯಪ್ ಗುಂಪಿನ ಮಾವಂದಿರನ್ನು ಹಿಡಿಯುವುದು ಹೇಗೆ?

2021ರ ಏಪ್ರಿಲ್, ಕೊರೊನಾದ ಎರಡನೆಯ ಅಲೆ, ನೆನಪಿದೆಯೇ? ಕರ್ಪೂರ, ಲವಂಗ, ಓಂಕಾಳು ಬಟ್ಟೆಯಲ್ಲಿ ಕಟ್ಟಿ, ನೀಲಗಿರಿ ಎಣ್ಣೆ ಹನಿಸಿ ಮೂಸುತ್ತಿದ್ದರೆ ಆಮ್ಲಜನಕ ಏರುತ್ತದೆ ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬಂದಿತ್ತು. ಸ್ಯಾಂಡರ್ ಜಾಹೀರಾತಿನ ಹಾಗೆಯೇ, ಸುದ್ದಿಯ ವೇಷದಲ್ಲಿ. ನಮ್ಮ ಚಿಕ್ಕಪ್ಪ ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿಕೊಂಡು ಹಜಾರದ ಕುರ್ಚಿಯಲ್ಲಿ ಕುಳಿತಿದ್ದರು. ತೋರುಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿತ್ತು. ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿ, ‘ನೋಡೋ, ಎದೆ ಎಷ್ಟು ಹಗುರವಾಯಿತು’ ಎಂದರು. ನಾನು ಬೆರಳಿನ ಕಡೆ ಬಗ್ಗಿ ನೋಡಿದೆ. ಮೊದಲು 91 ಇತ್ತು, ಈಗಲೂ 91. ಅವರನ್ನು ಎಬ್ಬಿಸಿ, ಗಂಟನ್ನು ಅವರ ಕೈಯಲ್ಲೇ ಬಿಟ್ಟು, ಕಾರಿಗೆ ಹತ್ತಿಸಿದೆ. ಆಸ್ಪತ್ರೆ ಮುಟ್ಟುವವರೆಗೂ ಮೂಸುತ್ತಲೇ ಇದ್ದರು.