ಪಂಪಿನ ಬೀಗದ ಕೈ ಯಾರ ಹತ್ತಿರ ಇದೆ?

ಗ್ರಾಹಕರೇ ಕಾರ್ಡ್ ಹಾಕಿ ಎಣ್ಣೆ ತುಂಬಿಕೊಳ್ಳುವ ಪೆಟ್ರೋಲ್ ಪಂಪಿನಲ್ಲಿ ಕಾರ್ಡ್ ಮಾಹಿತಿ ಕದ್ದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಗ್ರಾಹಕರಿಗೆ ಎಚ್ಚರಿಕೆಯ ಮಾತುಗಳೂ ಬರುತ್ತವೆ. ಕಾರ್ಡ್ ಹಾಕುವ ಜಾಗ ಅಲ್ಲಾಡಿಸಿ ನೋಡಿ, ಪಂಪಿನ ಬಾಗಿಲಿಗೆ ಅಂಟಿಸಿದ ಸೀಲ್ ಹರಿದಿದೆಯೇ ನೋಡಿ, ಪಿನ್ ಒತ್ತುವಾಗ ಕೈ ಅಡ್ಡ ಹಿಡಿಯಿರಿ. ತಪ್ಪೇನಿಲ್ಲ, ನಾನೂ ಹಾಗೇ ಮಾಡುತ್ತೇನೆ. ಆದರೂ ಇವನ್ನು ಓದುವಾಗ ಸಿಟ್ಟು ಬರುತ್ತದೆ. ಪಂಪ್ ಇಟ್ಟುಕೊಂಡವರು ಏನು ಮಾಡಬೇಕು ಅನ್ನುವ ಬಗ್ಗೆ ಅಲ್ಲಿ ಸೊಲ್ಲೇ ಇರುವುದಿಲ್ಲ.

ಕಳ್ಳನ ಕೈಚಳಕ ನಡೆಯುವ ಜಾಗವೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ರೀಡರ್ ಮೇಲೆ ನಕಲಿ ಕವಚ ಅಂಟಿಸಿದ್ದರೆ ಅಲ್ಲಾಡಿಸಿದಾಗ ಗೊತ್ತಾದೀತು. ಆದರೆ ಪಂಪಿನ ಬಾಗಿಲನ್ನೇ ತೆಗೆದು ಒಳಗೆ ಸ್ಕಿಮ್ಮರ್, ಅಂದರೆ ಕಾರ್ಡ್ ಮಾಹಿತಿ ಕದಿಯುವ ಉಪಕರಣ, ಕೂರಿಸಿದರೆ? ಕಾರ್ಡ್ ರೀಡರಿನಿಂದ ಬೋರ್ಡಿಗೆ ಹೋಗುವ ಕೇಬಲ್ ಬಿಚ್ಚಿ, ನಡುವೆ ಒಂದು ಸಣ್ಣ ಸರ್ಕಿಟ್ ಸಿಕ್ಕಿಸಿ, ಬಾಗಿಲು ಹಾಕಿದರೆ ಮುಗಿಯಿತು. ಕರೆಂಟೂ ಪಂಪಿನದೇ. ಎಷ್ಟೋ ಸ್ಕಿಮ್ಮರ್‌ಗಳಲ್ಲಿ ಬ್ಲೂಟೂತ್ ಇರುತ್ತದೆ. ಹಾಗಾಗಿ ಕಳ್ಳ ಮತ್ತೆ ಪಂಪ್ ಮುಟ್ಟಬೇಕಿಲ್ಲ, ಪಕ್ಕದಲ್ಲಿ ಕಾರು ನಿಲ್ಲಿಸಿಕೊಂಡೇ ಕಾರ್ಡ್ ನಂಬರುಗಳನ್ನೆಲ್ಲ ಇಳಿಸಿಕೊಳ್ಳುತ್ತಾನೆ. ಇತ್ತ ಎಣ್ಣೆ ಎಂದಿನಂತೆ ಬರುತ್ತದೆ, ರಸೀದಿಯೂ ಬರುತ್ತದೆ. ಹೊರಗೆ ನಿಂತ ನಾವು ಏನನ್ನು ಅಲ್ಲಾಡಿಸಿ ನೋಡೋಣ?

ಬಾಗಿಲು ತೆಗೆಯಲು ಬೀಗ ಒಡೆಯಬೇಕಾಗಿಯೂ ಇರಲಿಲ್ಲ. ಒಂದು ಮಾದರಿಯ ಪಂಪುಗಳಿಗೆಲ್ಲ ಒಂದೇ ಕೀಲಿಕೈ ಹೊಂದುವಂತಹ ಬೀಗಗಳು ಬಹಳ ಕಾಲ ಚಾಲ್ತಿಯಲ್ಲಿದ್ದವು. ಸಾವಿರಾರು ಜನರ ಕಾರ್ಡ್ ಹಾದುಹೋಗುವ ಪೆಟ್ಟಿಗೆಗೆ ಇಂಥ ಬೀಗ ಹಾಕಿದ್ದನ್ನು ನಾನು ಕ್ಷಮಿಸಲಾರೆ.

ಇನ್ನು ಕಾರ್ಡಿನ ಹಿಂದಿನ ಕಪ್ಪು ಪಟ್ಟಿ. ಅದರಲ್ಲಿರುವ ಮಾಹಿತಿ ಬದಲಾಗುವುದೇ ಇಲ್ಲ, ಒಮ್ಮೆ ನಕಲು ಮಾಡಿಕೊಂಡರೆ ಇನ್ನೊಂದು ಕಾರ್ಡಿಗೆ ಬರೆದು ಬಳಸಬಹುದು. ಚಿಪ್ ಹಾಗಲ್ಲ. ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಹುಟ್ಟುತ್ತದೆ, ಹಳೆಯದು ಮತ್ತೆ ನಡೆಯುವುದಿಲ್ಲ. ಪರಿಹಾರ ಕೈಯಲ್ಲೇ ಇತ್ತು. ಅಮೆರಿಕದಲ್ಲಿ ಏನಾಯಿತು ನೋಡಿ. ನಕಲಿ ಕಾರ್ಡಿನ ನಷ್ಟವನ್ನು ಬ್ಯಾಂಕ್ ಹೊರುತ್ತಿತ್ತು. ಚಿಪ್ ರೀಡರ್ ಇಡದ ಅಂಗಡಿಯೇ ಅದನ್ನು ಹೊರಬೇಕೆಂಬ ನಿಯಮ 2015ರ ಅಕ್ಟೋಬರ್‌ನಲ್ಲಿ ಬಂತು. ಪೆಟ್ರೋಲ್ ಪಂಪುಗಳಿಗೆ ಮಾತ್ರ 2017ರವರೆಗೆ ವಿನಾಯಿತಿ. ಆಮೇಲೆ ಅದು 2020ಕ್ಕೆ ಹೋಯಿತು, ಅಲ್ಲಿಂದ 2021ರ ಏಪ್ರಿಲ್‌ಗೆ. ಕಷ್ಟ ಇರಲಿಲ್ಲ ಎನ್ನಲಾರೆ. ಹಳೆಯ ಪಂಪು ಬದಲಿಸುವುದು ದುಬಾರಿ, ಕೆಲವೆಡೆ ನೆಲದ ಕಾಂಕ್ರೀಟ್ ಒಡೆದು ವೈರ್ ಹಾಕಬೇಕಿತ್ತು. ಆದರೆ ಆ ಐದೂವರೆ ವರ್ಷ ಕಳ್ಳರಿಗೆ ಪಂಪುಗಳೇ ಸುಲಭದ ಗುರಿಯಾಗಿ ಉಳಿದವು. ನಷ್ಟ ತನ್ನ ಜೇಬಿಗೆ ತಟ್ಟುವವರೆಗೆ ಯಾರೂ ಬೀಗ ಬದಲಿಸುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮನಸ್ಸು ಮಾಡಿದರೆ ಸ್ಕಿಮ್ಮರ್ ಹುಡುಕಲೂ ಆಗುತ್ತದೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿ ತಯಾರಿಸಿದ, ಸ್ಕಿಮ್ಮರಿನ ಬ್ಲೂಟೂತ್ ಸಂಕೇತ ಹುಡುಕುವ 'ಬ್ಲೂಟಾನಾ' ಎಂಬ ಆ್ಯಪ್ 2019ರಲ್ಲಿ ಸುದ್ದಿಯಾಯಿತು. ಅದನ್ನು ಹಿಡಿದು ಓಡಾಡಿದ ತಪಾಸಣಾ ಅಧಿಕಾರಿಗಳಿಗೆ, ಪಂಪ್ ಬಿಚ್ಚುವ ಮೊದಲೇ ಸುಳಿವು ಸಿಕ್ಕಿ, 64 ಸ್ಕಿಮ್ಮರ್‌ಗಳು ಪತ್ತೆಯಾದವು. ಆದರೆ ನಮ್ಮ ಫೋನಿನ ಬ್ಲೂಟೂತ್ ಪಟ್ಟಿ ನೋಡಿ ಸ್ಕಿಮ್ಮರ್ ಗುರುತಿಸುತ್ತೇವೆ ಅಂದುಕೊಳ್ಳಬೇಡಿ. ಮಾಮೂಲಿ ಉಪಕರಣಗಳ ಹೆಸರಿನ ನಡುವೆ ಅದನ್ನು ಪ್ರತ್ಯೇಕಿಸುವುದು ಕಷ್ಟ.

ಪಂಪಿನವರಿಂದ ನಾನು ಬಯಸುವುದು ದೊಡ್ಡದೇನಲ್ಲ. ಪ್ರತಿ ಪಂಪಿಗೂ ಬೇರೆ ಬೀಗ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆರೆದರೆ ಪಂಪ್ ತಾನಾಗಿ ಬಂದ್ ಆಗುವ ವ್ಯವಸ್ಥೆ. ರಿಪೇರಿಗೆ ಬಂದೆ ಎಂದವರ ಗುರುತಿನ ಚೀಟಿ ನೋಡಿ, ಕಳಿಸಿದ ಕಂಪನಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವುದು. ಸೀಲ್ ಅಂಟಿಸಿದರಷ್ಟೇ ಸಾಲದು, ಅಂಥದ್ದೇ ಸೀಲನ್ನು ಕಳ್ಳನೂ ತಂದು ಅಂಟಿಸಬಹುದು. ಅದರ ನಂಬರನ್ನು ಪುಸ್ತಕದಲ್ಲಿ ಬರೆದಿಟ್ಟು ಪ್ರತಿ ದಿನ ತಾಳೆ ನೋಡಬೇಕು, ಅದರಲ್ಲೂ ಕಟ್ಟಡದಿಂದ ದೂರದ, ಕ್ಯಾಮೆರಾಗೆ ಸರಿಯಾಗಿ ಕಾಣದ ಪಂಪುಗಳದ್ದು. ಸಿಬ್ಬಂದಿಯೇ ಕಾರ್ಡ್ ಪಡೆಯುವ ಕಡೆ ಯಂತ್ರ ನಮ್ಮ ಹತ್ತಿರ ಬರಬೇಕು, ಕಾರ್ಡ್ ನಮ್ಮ ಕಣ್ಣು ತಪ್ಪಿಸಿ ಕಟ್ಟಡದೊಳಗೆ ಹೋಗಬಾರದು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಸ್ಕಿಮ್ಮರ್‌ಗಳೂ ಇವೆ.

ನಮ್ಮ ಪಾಲಿನದು ಚಿಕ್ಕದು. ಉಜ್ಜುವ ಬದಲು ಚಿಪ್ ಹಾಕಿ, ಅಥವಾ ತಾಗಿಸಿ ಪಾವತಿಸಿ. ಡೆಬಿಟ್ ಕಾರ್ಡ್ ಆದಷ್ಟು ತಪ್ಪಿಸಿ, ಅದರಲ್ಲಿ ದುಡ್ಡು ನೇರ ಖಾತೆಯಿಂದಲೇ ಹೋಗುತ್ತದೆ, ವಾಪಸ್ ಬರುವವರೆಗೆ ನೀವೇ ಕಾಯಬೇಕು. ಬ್ಯಾಂಕಿನ ಮೆಸೇಜ್ ಓದದೆ ಅಳಿಸಬೇಡಿ.

ಸೀಲ್ ಹರಿದಿದ್ದು ಕಂಡರೆ ಪಕ್ಕದ ಪಂಪಿಗೆ ಸರಿದು ಸುಮ್ಮನಾಗಬೇಡಿ. ಒಳಗೆ ಹೋಗಿ ಹೇಳಿ, ಆ ಪಂಪ್ ಬಂದ್ ಮಾಡಿಸಿ, ಸೀಲ್ ನಂಬರಿನ ಪುಸ್ತಕ ತೋರಿಸಿ ಎಂದು ಕೇಳಿ. ಅಂಥ ಪುಸ್ತಕವೇ ಇಲ್ಲ ಎಂದರೆ ನಾನಂತೂ ಅಲ್ಲಿ ಕಾರ್ಡ್ ತೆಗೆಯುವುದಿಲ್ಲ, ನಗದು ಕೊಟ್ಟು ಬರುತ್ತೇನೆ. ಯಾಕೆ ಎಂಬುದನ್ನೂ ಅವರಿಗೆ ಹೇಳಿಯೇ ಬರುತ್ತೇನೆ.