ಕ್ಲೈಂಟ್ ಮೀಟಿಂಗ್‌ನಲ್ಲಿ ಹೇಗೆ ಕೂರಬೇಕು ಅಂತ ಹುಡುಗ್ರಿಗೆ ಏನ್ ಹೇಳ್ಕೊಡ್ತಿದೀವಿ?

ಎದುರಿಗಿರೋರ ಮೇಲೆ ನಾವು ಬೀರೋ ಪ್ರಭಾವದಲ್ಲಿ ಮಾತಿಗೆ 7 ಪರ್ಸೆಂಟ್, ದನಿಗೆ 38, ಮಿಕ್ಕ 55 ಪೂರ್ತಿ ಬಾಡಿ ಲಾಂಗ್ವೇಜ್‌ಗೆ. ಬೆಂಗಳೂರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ್ರನ್ನ ಕೇಳಿ ನೋಡಿ, ಸಾಫ್ಟ್ ಸ್ಕಿಲ್ಸ್ ಟ್ರೈನಿಂಗಲ್ಲಿ ಈ ಸ್ಲೈಡ್ ನೋಡಿದೋರು ತುಂಬಾ ಜನ ಸಿಗ್ತಾರೆ. ಇದನ್ನ ನಂಬ್ಕೊಂಡು ಪಾಪ ಆ ಮಕ್ಕಳು ಕ್ಲೈಂಟ್ ಮೀಟಿಂಗ್ ಹಿಂದಿನ ದಿನ ಪ್ರಾಡಕ್ಟ್ ಬಗ್ಗೆ ಓದೋದು ಬಿಟ್ಟು ಕನ್ನಡಿ ಮುಂದೆ ನಿಂತಿರ್ತಾರೆ. ನಂಗೆ ನಿಜವಾಗ್ಲೂ ಬೇಜಾರಾಗೋದು ಇದಕ್ಕೆ.

ಈ ಲೆಕ್ಕ ಬಂದಿದ್ದು 1967ರಲ್ಲಿ ಕ್ಯಾಲಿಫೋರ್ನಿಯಾದ ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಸೈಕಾಲಜಿ ಪ್ರೊಫೆಸರ್ ಮಾಡಿದ ಎರಡು ಪ್ರಯೋಗಗಳಿಂದ. ಅವ್ರು ಬಿಡಿ ಬಿಡಿ ಪದಗಳನ್ನ ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರ್ಸಿ, ಮಾತಾಡೋರಿಗೆ ಎದುರಿಗಿರೋರ ಮೇಲೆ ಇಷ್ಟ ಇದ್ಯಾ ಇಲ್ವಾ ಅಂತ ಜನ ಹೇಗೆ ಊಹಿಸ್ತಾರೆ ಅಂತ ನೋಡಿದ್ರು ಅಷ್ಟೇ. ಭಾವನೆ ವಿಷಯ ಬಿಟ್ಟು ಬೇರೆ ಮಾತುಕತೆಗೆ ಈ ಲೆಕ್ಕ ಅನ್ವಯಿಸಲ್ಲ ಅಂತ ಅವ್ರೇ ಹೇಳಿದಾರೆ. ಡೆಲಿವರಿ ಯಾವಾಗ, ರೇಟ್ ಎಷ್ಟು ಅಂತ ಕ್ಲೈಂಟ್ ಕೇಳಿದ್ರೆ ಅದಕ್ಕೆ ಉತ್ತರ ಬಾಯಿಂದಾನೇ ಬರ್ಬೇಕು ತಾನೆ?

ಪವರ್ ಪೋಸ್ ಕಥೆನೂ ಇಷ್ಟೇ. ಕೈಕಾಲು ಅಗಲಿಸಿ ಗತ್ತಿನ ಭಂಗಿಯಲ್ಲಿ ಎರಡು ನಿಮಿಷ ಇದ್ರೆ ಹಾರ್ಮೋನೇ ಬದಲಾಗುತ್ತೆ ಅಂದಿದ್ದ 2010ರ ಪ್ರಯೋಗದಲ್ಲಿ ಇದ್ದಿದ್ದು ಬರೀ 42 ಜನ. 2015ರಲ್ಲಿ ಬೇರೆಯವ್ರು 200 ಜನರ ಮೇಲೆ ಮಾಡಿದಾಗ, ಸ್ವಲ್ಪ ಧೈರ್ಯ ಬಂದಂಗನ್ಸುತ್ತೆ ಅಂತ ಜನ ಹೇಳಿದ್ರೇ ಹೊರತು ಹಾರ್ಮೋನ್ ಬದಲಾಗ್ಲಿಲ್ಲ. 2016ರಲ್ಲಿ ಮೂಲ ಪ್ರಯೋಗ ಮಾಡಿದ್ದ ಡೇನಾ ಕಾರ್ನಿನೇ ನಂಗೆ ಇದ್ರಲ್ಲಿ ನಂಬಿಕೆ ಉಳಿದಿಲ್ಲ ಅಂದ್ರು.

ಬಾಡಿ ಲಾಂಗ್ವೇಜ್ ಲೆಕ್ಕಕ್ಕೇ ಬರಲ್ಲ ಅಂತಲ್ಲ, ಖಂಡಿತಾ ಬರುತ್ತೆ. ಆದ್ರೆ ಸಿಂಧನೂರಿಂದಲೋ ಶಿರಸಿಯಿಂದಲೋ ಬಂದ ಹುಡುಗಿ ದೊಡ್ಡೋರ ಮುಂದೆ ಕಣ್ಣು ತಗ್ಗಿಸಿ ಮೆಲ್ಲಗೆ ಮಾತಾಡಿದ್ರೆ ಅದು ಮನೇಲಿ ಕಲ್ತ ಮರ್ಯಾದೆ, ಅದನ್ನ ಫೀಡ್‌ಬ್ಯಾಕ್ ಫಾರ್ಮಲ್ಲಿ ‘ಕಾನ್ಫಿಡೆನ್ಸ್ ಕಮ್ಮಿ’ ಅಂತ ಬರೆಯೋದು ಅನ್ಯಾಯ. ಜಪಾನ್ ಕ್ಲೈಂಟ್ ಬಂದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೇ ಇದ್ರೆ ಅವ್ರಿಗೇ ಇರುಸುಮುರುಸು. ಅವ್ರ ವಿಸಿಟಿಂಗ್ ಕಾರ್ಡನ್ನ ಎರಡೂ ಕೈಲಿ ತಗೊಂಡು, ಓದಿ, ಮೀಟಿಂಗ್ ಮುಗಿಯೋವರ್ಗೂ ಟೇಬಲ್ ಮೇಲೆ ಇಟ್ಕೊಂಡ್ರೆ ಸಾಕು, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಬಾರ್ದು. ಅಮೆರಿಕದೋರ ಜೊತೆ ವಿಡಿಯೋ ಕಾಲ್‌ನಲ್ಲಿ ನಾವು ತಲೆ ಅಲ್ಲಾಡಿಸೋದು ಅವ್ರಿಗೆ ಹೌದೋ ಅಲ್ವೋ ಗೊತ್ತಾಗಲ್ಲ ನಿಜ, ಅದಕ್ಕೆ ಹುಟ್ಟಿದಾಗಿಂದ ಬಂದ ಅಭ್ಯಾಸ ಯಾಕೆ ಬಿಡ್ಬೇಕು, ‘ಶುಕ್ರವಾರಕ್ಕೆ ಆಗುತ್ತೆ’ ಅಂತಲೋ ‘ಆಗಲ್ಲ’ ಅಂತಲೋ ಬಾಯಿಬಿಟ್ಟು ಹೇಳಿದ್ರಾಯ್ತು. ಕೈಕಟ್ಟಿ ಕೂತ್ರೆ ಡಿಫೆನ್ಸಿವ್ ಅಂತೆ! ಕಾನ್ಫರೆನ್ಸ್ ರೂಮಿನ ಏಸಿ ಚಳಿಗೆ ಎಲ್ರೂ ಹಾಗೇ ಕೂತಿರ್ತಾರೆ.

ನನ್ನ ಪ್ರಕಾರ ಕ್ಲೈಂಟ್ ನಿಜವಾಗಿ ಗಮನಿಸೋದು ನಾವು ನಮ್ಮೋರ ಜೊತೆ ಹೇಗಿದೀವಿ ಅನ್ನೋದನ್ನ. ಕೋಡ್ ಬರೆದಿರೋ ಜೂನಿಯರ್ ಟೇಬಲ್ಲಿನ ಮೂಲೇಲಿ ಕೂತಿರ್ತಾನೆ, ಕ್ಲೈಂಟ್ ಅವನನ್ನೇ ನೋಡಿ ಪ್ರಶ್ನೆ ಕೇಳ್ತಾರೆ, ಅಷ್ಟರಲ್ಲಿ ಮ್ಯಾನೇಜರ್ ಮುಂದಕ್ಕೆ ಬಾಗಿ ಅಡ್ಡ ಬಂದು ತಾನೇ ಉತ್ತರ ಕೊಡ್ತಾರೆ, ಅದೂ ಅರ್ಧಂಬರ್ಧ. ಆ ಹುಡುಗ ಹಿಂದಕ್ಕೆ ಸರಿದು ಲ್ಯಾಪ್‌ಟಾಪ್ ನೋಡೋಕೆ ಶುರು ಮಾಡ್ತಾನೆ. ಜೂನಿಯರ್ ಡೆಮೋ ಕೊಡ್ತಿರುವಾಗ ಸೀನಿಯರ್‌ಗಳು ಟೇಬಲ್ ಕೆಳಗೆ ವಾಟ್ಸಾಪ್ ನೋಡೋದಂತೂ ಮಾಮೂಲಿ. ಕಂಪ್ನಿಯೋರಿಗೇ ಬೇಡವಾದ ಮಾತನ್ನ ಹಣ ಕೊಡೋ ಕ್ಲೈಂಟ್ ಯಾಕೆ ಗಮನ ಇಟ್ಟು ಕೇಳ್ತಾರೆ ಹೇಳಿ? ಈ ಟ್ರೈನಿಂಗ್‌ಗಳಿಗೆ ಫ್ರೆಶರ್‌ಗಳನ್ನ ಕಳಿಸ್ತಾರೆ, ಹದಿನೈದು ವರ್ಷ ಸರ್ವಿಸ್ ಆದ ಮ್ಯಾನೇಜರ್‌ಗಳನ್ನ ಯಾರೂ ಕಳಿಸಲ್ಲ.

ಟೀಮ್ ನಡೆಸೋರು ಈ ಪೋಸ್ಟ್ ಓದ್ತಿದ್ರೆ ಒಂದು ರಿಕ್ವೆಸ್ಟ್. ಮುಂದಿನ ಮೀಟಿಂಗಲ್ಲಿ ಕ್ಲೈಂಟ್ ಪ್ರಶ್ನೆ ಕೇಳಿದ ತಕ್ಷಣ ಉತ್ತರ ಗೊತ್ತಿರೋ ಹುಡುಗ್ರ ಕಡೆ ಕುರ್ಚಿ ತಿರುಗಿಸಿ, ಫೋನ್ ಬ್ಯಾಗಲ್ಲಿಟ್ಟು, ಅವ್ರು ತಡವರಿಸಿದ್ರೂ ಹೇಳಿ ಮುಗಿಸೋವರ್ಗೂ ಬಾಯಿ ಹಾಕ್ದೆ ಕೂತ್ಕೊಳ್ಳಿ.