ಕಪ್ಪೆಯ ಆಕ್ಷೇಪಣೆ ತಿರಸ್ಕೃತ

ಭಾಗಮಂಡಲದ ಜೌಗಿನ ಒಂದು ಕಪ್ಪೆಯನ್ನು ಪ್ರಾಣಿವಿಜ್ಞಾನಿ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಲೋಕಕ್ಕೆ ಪರಿಚಯಿಸಿದರು. ಆಮೇಲೆ 91 ವರ್ಷ ಅದು ನಾಪತ್ತೆ. 2011ರಲ್ಲಿ ಮತ್ತೆ ಸಿಕ್ಕಿತು: ಕೊಡಗಿನ ಇರುಳುಗಪ್ಪೆ. ಅದೇನೂ ಊರು ಬಿಟ್ಟಿರಲಿಲ್ಲ, ಕೊಲ್ಲಿಯಲ್ಲೇ, ಅಂದರೆ ಕಾಡಿನ ತೊರೆಯಲ್ಲೇ, ಕೂತಿತ್ತು. ಮಳೆಗಾಲದ ರಾತ್ರಿ ಇಂಬಳ ಕಚ್ಚಿಸಿಕೊಂಡು ಹುಡುಕುವವರು ಬೇಕಲ್ಲ.

ಅದೇ ವರ್ಷ ಪಶ್ಚಿಮ ಘಟ್ಟದ ಬಗ್ಗೆ ಗಾಡ್ಗೀಳ್ ಸಮಿತಿಯ ವರದಿ ಬಂತು. ಖಾರ ಜಾಸ್ತಿಯಾಯಿತೆಂದು ಕಸ್ತೂರಿರಂಗನ್ ಸಮಿತಿಯಿಂದ ಇನ್ನೊಂದು ಬರೆಸಿದರು. 2014ರಿಂದ ಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಸಾರಲು ಕೇಂದ್ರದ ಕರಡು ಅಧಿಸೂಚನೆಗಳು. ಒಂದರ ಅವಧಿ ಮುಗಿದರೆ ಮತ್ತೊಂದು. ಆರನೆಯದು ಬಂದದ್ದು 2024ರ ಜುಲೈ 31ರಂದು, ವಯನಾಡಿನ ಗುಡ್ಡ ಜರಿದ ಮರುದಿನ. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಂಪುಟ ಕಸ್ತೂರಿರಂಗನ್ ವರದಿಯೇ ಬೇಡವೆಂದಿತು. ಕೊಲ್ಲಿಯ ಗೊದಮೊಟ್ಟೆಗೆ ತಿಂಗಳುಗಳಲ್ಲಿ ಕಾಲು ಮೂಡುತ್ತದೆ. ದಿಲ್ಲಿಯ ಗೊದಮೊಟ್ಟೆಗೆ ಹತ್ತು ವರ್ಷವಾದರೂ ಬರೀ ಬಾಲ.

ಪ್ರತಿ ಕರಡಿಗೂ ಆಕ್ಷೇಪಣೆಗೆ 60 ದಿನ. ನಮಗದು ಹಬ್ಬ. ಶಾಮಿಯಾನ, ಮೈಕು, ‘ಕೊಟ್ಟಿಗೆಗೆ ಹೆಂಚು ಹೊದಿಸಲೂ ದಿಲ್ಲಿಯ ಅಪ್ಪಣೆ ಬೇಕಾಗುತ್ತೆ!’ ಎಂಬ ಗುಡುಗು. ಕರಡು ಮುಖ್ಯವಾಗಿ ಬೇಡವೆಂದಿರುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ ಮತ್ತು 20,000 ಚದರ ಮೀಟರ್ ದಾಟಿದ ಹೊಸ ಕಟ್ಟಡಗಳನ್ನು. ಹೆಚ್ಚುಕಡಿಮೆ ಐದು ಎಕರೆ. ಇಡೀ ಒಕ್ಕ, ಅಂದರೆ ಕೊಡವ ಮನೆತನವೆಲ್ಲ, ಸೇರಿದರೂ ಅಷ್ಟು ದೊಡ್ಡ ಐನ್‌ಮನೆ (ಮೂಲ ಮನೆ) ತುಂಬದು. ಹಾಗಾದರೆ ಆ ಕೊಟ್ಟಿಗೆ ಯಾರದೆಂದು ಕೇಳಿದರೆ ಕರೆಂಟು ಹೋಗುತ್ತದೆ.

ಈ ಸಲ ಕಪ್ಪೆಯೂ ಅರ್ಜಿ ಹಿಡಿದು ಗುಮಾಸ್ತರ ಬಳಿ ಬಂತಂತೆ.

‘ಪಹಣಿ ಎಲ್ಲಿ?’

‘ಇಲ್ಲ ಸ್ವಾಮಿ. 1920ರ ದಾಖಲೆ ಇದೆ.’

‘ಜಮೀನು ಯಾವ ಬಗೆ? ಜಮ್ಮಾನೋ, ಬಾಣೆನೋ?’

‘ಕೊಲ್ಲಿ.’

‘ಕೊಲ್ಲಿಗೆ ಖಾತೆ ಇಲ್ಲ. ತಕರಾರೇನು?’

‘ನಮ್ಮ ಕುಲದವರು ನೀರಿನ ಮೇಲೆ ಬಾಗಿದ ಎಲೆಗೆ ಮೊಟ್ಟೆ ಅಂಟಿಸ್ತಾರೆ. ಮರಿ ಅಲ್ಲಿಂದ ನೀರಿಗೆ ಬೀಳಬೇಕು. ಸ್ಟ್ರೀಮ್ ವ್ಯೂಗೆ ಅಡ್ಡ ಅಂತ ಮರಾನೇ ಕಡಿದರು.’

‘ಯಾವ ಹೋಂಸ್ಟೇ?’

‘ನನ್ನ ಹೆಸರೇ ಇಟ್ಟಿದ್ದಾರೆ ಸ್ವಾಮಿ. ಬೋರ್ಡಲ್ಲಿ ಚಿತ್ರವೂ ಇದೆ.’

ಗುಮಾಸ್ತರು ಮೊಬೈಲಿನಲ್ಲಿ ಬೋರ್ಡು ನೋಡಿದರು. ಹಸಿರು ಮೈ, ಕೆಂಪು ಕಣ್ಣು. ಮಧ್ಯ ಅಮೆರಿಕದ ಮರಗಪ್ಪೆ. ಎದುರಿಗೆ ಕೂತದ್ದು ಕಂದು.

‘ಫೋಟೋ ತಾಳೆ ಆಗ್ತಿಲ್ಲ. ಏಳನೇ ಕರಡಿಗೆ ಬಾ.’